ಮೊದಲು, ನಂತರ, ಎರಡು ಗುಂಪು: ಯಾವ ಪರೀಕ್ಷೆ ಆರಿಸಬೇಕು?

ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ರಕ್ತಹೀನತೆಯ ಬಗ್ಗೆ ಒಂದು ಅಧ್ಯಯನ ನಡೆದಿದೆ ಎಂದುಕೊಳ್ಳಿ. ಒಂದು ಗುಂಪಿನ ಹುಡುಗಿಯರಿಗೆ ಮೂರು ತಿಂಗಳು ಆಹಾರದ ತಿಳಿವಳಿಕೆಯ ತರಗತಿ ಕೊಡಲಾಯಿತು. ಹೋಲಿಕೆಗೆಂದು ಇಟ್ಟ ಇನ್ನೊಂದು ಗುಂಪಿಗೆ, ಅಂದರೆ ನಿಯಂತ್ರಣ ಗುಂಪಿಗೆ, ಕೊಡಲಿಲ್ಲ. ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಎಲ್ಲರ ಹಿಮೋಗ್ಲೋಬಿನ್ ಅಳೆದಾಯಿತು. ಮುಂದೇನು?

ಕಂಪ್ಯೂಟರ್ ತೆರೆಯುವ ಮೊದಲು ಪ್ರಶ್ನೆಯನ್ನು ಹಾಳೆಯ ಮೇಲೆ ಬರೆಯಿರಿ. ‘ಹಿಮೋಗ್ಲೋಬಿನ್ ಏರಿತೇ?’ ಎಂಬುದು ಸಾಲದು. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ, ಆಗಾಗ ಜಂತುಹುಳುವಿನ ಮಾತ್ರೆ ಕೊಡುವ ಕಾರ್ಯಕ್ರಮಗಳಿವೆ. ತರಗತಿ ಇಲ್ಲದಿದ್ದರೂ ಮಟ್ಟ ಏರಬಹುದು. ತೀರಾ ಕಡಿಮೆ ಇದ್ದವರನ್ನೇ ಆರಿಸಿಕೊಂಡಿದ್ದರೆ ಎರಡನೇ ಅಳತೆ ಸರಾಸರಿಯ ಕಡೆಗೆ ತಾನಾಗಿ ಸರಿಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಇದನ್ನು ತೋರಿಸಿದ್ದರು. ಆದ್ದರಿಂದ ಕೇಳಬೇಕಾದದ್ದು: ತರಗತಿ ಪಡೆದವರಲ್ಲಿ, ಪಡೆಯದವರಿಗಿಂತ ಎಷ್ಟು ಹೆಚ್ಚು ಏರಿತು?

ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಪ್ರತಿ ಗುಂಪಿಗೂ ಬೇರೆ ಬೇರೆಯಾಗಿ ಜೋಡಿ ಟಿ-ಪರೀಕ್ಷೆ (ಅದೇ ಮಕ್ಕಳ ಮೊದಲ, ಕೊನೆಯ ಅಳತೆಗಳ ಸರಾಸರಿ ಹೋಲಿಸುವುದು) ಮಾಡಿ, ಒಂದರಲ್ಲಿ ಪಿ-ಮೌಲ್ಯ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) 0.05ಕ್ಕಿಂತ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಬಂದರೆ ‘ತರಗತಿ ಫಲ ಕೊಟ್ಟಿತು’ ಎಂದು ಬರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತರಗತಿಯ ಗುಂಪು ಸರಾಸರಿ 0.8 ಗ್ರಾಂ ಏರಿ ಪಿ-ಮೌಲ್ಯ 0.03, ನಿಯಂತ್ರಣ ಗುಂಪು 0.5 ಗ್ರಾಂ ಏರಿ 0.08 ಬಂದಿದೆ ಎನ್ನೋಣ. ಗುಂಪುಗಳ ನಡುವಿನ ಅಂತರ ಬರೀ 0.3. ಅದನ್ನೇ ನೇರವಾಗಿ ಪರೀಕ್ಷಿಸಿದರೆ, ಗುಂಪಿಗೆ ನಲವತ್ತು ಮಕ್ಕಳಿದ್ದರೆ, ಪಿ-ಮೌಲ್ಯ 0.5ರ ಆಸುಪಾಸಿನಲ್ಲಿರುತ್ತದೆ. ತರಗತಿಯಿಂದಲೇ ಲಾಭವಾಯಿತೆಂದು ಹೇಳಲು ಆಧಾರವೇ ಉಳಿಯುವುದಿಲ್ಲ.

ನೇರ ಹೋಲಿಕೆಗೆ ಸರಳ ದಾರಿಯೊಂದಿದೆ. ಪ್ರತಿ ಹುಡುಗಿಯ ಕೊನೆಯ ಅಳತೆಯಿಂದ ಮೊದಲಿನದನ್ನು ಕಳೆದು, ಆ ವ್ಯತ್ಯಾಸಗಳ ಮೇಲೆ ಸ್ವತಂತ್ರ ಗುಂಪುಗಳ ಟಿ-ಪರೀಕ್ಷೆ (ಎರಡು ಬೇರೆ ಗುಂಪುಗಳ ಸರಾಸರಿ ಹೋಲಿಸುವುದು) ಮಾಡಿ. ಎರಡೇ ಅಳತೆಗಳಿರುವಾಗ ಪುನರಾವರ್ತಿತ ಅಳತೆಗಳ ಅನೋವಾದಲ್ಲಿ (ಒಬ್ಬರನ್ನೇ ಹಲವು ಸಲ ಅಳೆದಾಗ ಸರಾಸರಿಗಳನ್ನು ಹೋಲಿಸುವ ವಿಧಾನ) ‘ಗುಂಪು × ಸಮಯ’ ಎಂಬ ಸಾಲು ಕೊಡುವ ಉತ್ತರವೂ ಇದೇ. ಆದರೆ ಗುಂಪುಗಳನ್ನು ಚೀಟಿ ಎತ್ತಿ ಹಂಚಿದ್ದರೆ ನನ್ನ ಆಯ್ಕೆ ಆಂಕೋವಾ, ಅಂದರೆ ಮೊದಲ ಅಳತೆಯ ಏರುಪೇರನ್ನು ಸರಿದೂಗಿಸಿ ಗುಂಪುಗಳನ್ನು ಹೋಲಿಸುವ ವಿಧಾನ: ಕೊನೆಯ ಅಳತೆ ಫಲಿತಾಂಶ, ಗುಂಪು ಕಾರಣ, ಮೊದಲ ಅಳತೆ ಸಹಚರ (ಲೆಕ್ಕಕ್ಕೆ ಸೇರಿಸುವ ಜೊತೆ ಅಂಶ). ಅಷ್ಟೇ ಮಕ್ಕಳಿಂದ ಅದು ಹೆಚ್ಚು ನಿಖರವಾದ ಉತ್ತರ ಕೊಡುತ್ತದೆ. ಚೀಟಿ ಎತ್ತದೆ ಹಂಚಿದ್ದರೆ ಈ ಎರಡು ವಿಧಾನಗಳು ಬೇರೆ ಬೇರೆ ಉತ್ತರ ಕೊಡಬಹುದು. ಯಾವುದನ್ನು ಬಳಸುತ್ತೀರೆಂದು ಮೊದಲೇ ಬರೆದಿಡಿ.

ವ್ಯತ್ಯಾಸಗಳ ಹಂಚಿಕೆ ತೀರಾ ಓರೆಯಾಗಿದ್ದು ಮಕ್ಕಳೂ ಕಡಿಮೆ ಇದ್ದರೆ ವ್ಯತ್ಯಾಸಗಳ ಮೇಲೆ ಮ್ಯಾನ್-ವಿಟ್ನಿ ಪರೀಕ್ಷೆ (ಮೌಲ್ಯಗಳ ಬದಲು ಅವುಗಳ ಕ್ರಮಾಂಕಗಳನ್ನು ಹೋಲಿಸುವುದು) ಬಳಸಿ. ಫಲಿತಾಂಶ ‘ರಕ್ತಹೀನತೆ ಇದೆ, ಇಲ್ಲ’ ಎಂಬಂತಿದ್ದರೆ ಲಾಜಿಸ್ಟಿಕ್ ರಿಗ್ರೆಶನ್ (ಹೌದು-ಇಲ್ಲ ಬಗೆಯ ಫಲಿತಾಂಶದ ಸಂಭವವನ್ನು ಲೆಕ್ಕ ಹಾಕುವ ವಿಧಾನ). ಹೌದು-ಇಲ್ಲ ಉತ್ತರಗಳ ಬದಲಾವಣೆ ನೋಡುವ ಮೆಕ್‌ನೆಮಾರ್ ಪರೀಕ್ಷೆ ಒಂದೇ ಗುಂಪಿನ ಮೊದಲು-ನಂತರಕ್ಕೆ ಮಾತ್ರ.

ಅರಕಲಗೂಡಿನ ಒಂದು ಶಾಲೆಗೆ ತರಗತಿ, ಆಲೂರಿನ ಒಂದು ಶಾಲೆ ನಿಯಂತ್ರಣ ಎಂದು ಹಂಚಿದ್ದರೆ ಯಾವ ಪರೀಕ್ಷೆಯೂ ಕೈಹಿಡಿಯದು. ಶಾಲೆಗಳ ನಡುವಿನ ವ್ಯತ್ಯಾಸ ಯಾವುದು, ತರಗತಿಯ ಫಲ ಯಾವುದು ಎಂದು ಬೇರ್ಪಡಿಸಲಾಗದು. ಪ್ರತಿ ಬದಿಗೂ ಹಲವು ಶಾಲೆಗಳಿರಲಿ, ವಿಶ್ಲೇಷಣೆಯಲ್ಲಿ ಶಾಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಿಶ್ರ ಮಾದರಿ ಇರಲಿ.

ಸಕಲೇಶಪುರದ ಕಡೆ ಕಾಫಿ ಕೊಯ್ಲು ಮುಗಿದೊಡನೆ ವಲಸೆ ಕಾರ್ಮಿಕರ ಕುಟುಂಬಗಳು ಊರು ಬಿಡಬಹುದು. ಎರಡನೇ ಅಳತೆಗೆ ಆ ಮಕ್ಕಳು ಸಿಗುವುದಿಲ್ಲ. ಅವರನ್ನು ಸದ್ದಿಲ್ಲದೆ ಪಟ್ಟಿಯಿಂದ ತೆಗೆಯಬೇಡಿ. ಯಾವ ಗುಂಪಿನಿಂದ ಎಷ್ಟು ಮಂದಿ, ಯಾಕೆ ಹೋದರು, ಅವರ ಮೊದಲ ಅಳತೆ ಎಷ್ಟಿತ್ತು ಎಂಬುದನ್ನು ಫಲಿತಾಂಶದ ಮೊದಲ ಕೋಷ್ಟಕದಲ್ಲೇ ಕೊಡಿ.