ಐದು ಸ್ವರ, ಹಲವು ದೇಶ: ನಿಮ್ಮದೇ ಮಿಕ್ಸ್ ಕಟ್ಟುವ ಬಗೆ

ಜಗತ್ತಿನ ಸಂಗೀತದ ಪ್ಲೇಲಿಸ್ಟ್ ಎಂದು ಸ್ನೇಹಿತರು ಕಳುಹಿಸುವ ಲಿಂಕ್‌ಗಳನ್ನು ತೆರೆದು ನೋಡಿ. ಇನ್ನೂರು ಹಾಡು, ಹತ್ತು ಹನ್ನೆರಡು ಗಂಟೆ, ಯಾವ ಕ್ರಮವೂ ಇಲ್ಲ. ಕ್ಯೂಬಾದ ನೃತ್ಯಗೀತೆ ಮುಗಿದ ಮರುಕ್ಷಣ ಮಂಗೋಲಿಯಾದ ಗಂಟಲ ಗಾಯನ, ಅದರ ಬೆನ್ನಿಗೆ ಅರಬ್ಬೀ ಪಾಪ್. ಒಂದೊಂದು ಹಾಡೂ ಸೊಗಸಾಗಿರುತ್ತದೆ, ಆದರೂ ನಾಲ್ಕನೆಯದು ಬರುವಷ್ಟರಲ್ಲಿ ಕಿವಿ ದಣಿಯುತ್ತದೆ. ಇಷ್ಟು ಒಳ್ಳೆಯ ಸಂಗೀತ ಹೀಗೆ ಹಾಳಾಗುವುದನ್ನು ನೋಡಲಾಗದೆ, ಒಂದಕ್ಕೊಂದು ಹೊಂದುವಂತೆ ಹಾಡುಗಳನ್ನು ಜೋಡಿಸಿದ ಪಟ್ಟಿಯನ್ನು, ಅಂದರೆ ಮಿಕ್ಸನ್ನು, ಕಟ್ಟುವ ಬಗ್ಗೆ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ವಿಷಯ ಗೊತ್ತುಮಾಡಿಕೊಳ್ಳಿ. ‘ವರ್ಲ್ಡ್ ಮ್ಯೂಸಿಕ್’ ವಿಷಯವಾಗಲಾರದು. ಯಾವ ಕಪಾಟಿನಲ್ಲಿ ಇಡಬೇಕೆಂದು ಅಂಗಡಿಯವರಿಗೆ ತಿಳಿಯದಿದ್ದ ರೆಕಾರ್ಡುಗಳಿಗಾಗಿ 1987ರಲ್ಲಿ ಲಂಡನ್ನಿನ ಸಣ್ಣ ಕಂಪನಿಗಳವರು ಸೇರಿ ಒಪ್ಪಿಕೊಂಡ ಮಾರಾಟದ ಹೆಸರು ಅದು. ‘ಆಫ್ರಿಕಾ’ ಎಂಬುದೂ ಅಷ್ಟೇ ಸಡಿಲ. ‘ಮಳೆಗಾಲದ ಸಂಜೆ’ಯಂಥ ಹೆಸರುಗಳೂ ಬೇಡ, ಅವುಗಳೊಳಗೆ ಯಾವ ಹಾಡನ್ನು ಬೇಕಾದರೂ ತುರುಕಬಹುದು. ಕಿವಿಗೆ ಕೇಳಿಸುವ ಎಳೆಯೊಂದನ್ನು ಹಿಡಿಯಿರಿ: ಒಂದು ವಾದ್ಯ, ಒಂದು ನಡೆ, ಒಂದು ಸ್ವರಗುಚ್ಛ ಅಥವಾ ಒಬ್ಬ ಕಲಾವಿದ. ಸ್ಯಾಕ್ಸೊಫೋನ್ ಹಿಡಿದರೆ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅಮೆರಿಕದ ರುದ್ರೇಶ್ ಮಹಂತಪ್ಪನವರ ಜೊತೆಗೂಡಿ ನುಡಿಸಿದ 2008ರ ‘ಕಿನ್ಸ್‌ಮೆನ್’ ಆಲ್ಬಂನಿಂದ ಹೊರಟು, ಇಥಿಯೋಪಿಯಾದ ಗೆಟಾಚು ಮೆಕುರಿಯಾ, ಕ್ಯಾಮರೂನಿನ ಮನು ದಿಬಾಂಗೊವರೆಗೆ ಸಾಗಬಹುದು. ಗಿಟಾರ್ ವಾದಕ ರೈ ಕೂಡರ್ ಒಬ್ಬರ ಬೆನ್ನು ಹತ್ತಿದರೂ ಸಾಕು: ವಿಶ್ವಮೋಹನ ಭಟ್ಟರ ಜೊತೆ 1993ರ ಆಲ್ಬಂ, ಮಾಲಿಯ ಅಲಿ ಫರ್ಕಾ ಟೂರೆ ಜೊತೆ 1994ರದು, ಹವಾನಾದ ಹಿರಿಯ ಕಲಾವಿದರ ಜೊತೆ 1997ರದು.

ಕನ್ನಡದ ಕೇಳುಗರು ಐದು ಸ್ವರಗಳಿಂದ ಆರಂಭಿಸಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಐದೇ ಸ್ವರಗಳ ಔಡವ ರಾಗಗಳು ನಮ್ಮ ಕಿವಿಯಲ್ಲಿ ಆಗಲೇ ಮನೆಮಾಡಿಕೊಂಡಿವೆ. ಇಥಿಯೋಪಿಯಾದ ತಿಜಿತಾ ಎಂಬ ಸ್ವರಶ್ರೇಣಿಯ ಒಂದು ರೂಪದಲ್ಲಿ ಇರುವುದು ನಮ್ಮ ಮೋಹನ ರಾಗದ್ದೇ ಸ್ವರಗಳು, ಸ ರಿ ಗ ಪ ದ. ನೈಜರ್ ನದಿ ದಂಡೆಯ ನಿಯಾಫುಂಕೆ ಊರಿನ ಅಲಿ ಫರ್ಕಾ ಟೂರೆಯವರ ಹಲವು ಹಾಡುಗಳಲ್ಲಿ ಶುದ್ಧ ಧನ್ಯಾಸಿ ರಾಗದ ನೆರಳು ಸ್ಪಷ್ಟವಾಗಿದೆ. ಅಮೆರಿಕದ ಬ್ಲೂಸ್, ಸ್ಕಾಟ್ಲೆಂಡಿನ ಹಳೆಯ ಜನಪದ ಗೀತೆಗಳು, ಸಹಾರಾದ ತುವಾರೆಗ್ ತಂಡ ತಿನಾರಿವೆನ್, ಎಲ್ಲರೂ ಈ ಅಂಗಳಕ್ಕೆ ಬಂದು ಸೇರುತ್ತಾರೆ. ರಾಗದ ಹೆಸರು ಗೊತ್ತಿಲ್ಲದವರೂ ಇಲ್ಲಿ ನಂಟನ್ನು ಗುರುತಿಸುತ್ತಾರೆ.

ಎರಡನೆಯ ಹೆಜ್ಜೆ ಸುಲಭ. ಮೂವತ್ತು ಹಾಡು ಕೂಡಿಸಿ, ಹನ್ನೊಂದೋ ಹನ್ನೆರಡೋ ಉಳಿಸಿ. ಒಟ್ಟು 45 ನಿಮಿಷ, ಅಂದರೆ 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ. ಪೀಟರ್ ಗೇಬ್ರಿಯಲ್ 1989ರಲ್ಲಿ ಕಟ್ಟಿದ ರಿಯಲ್ ವರ್ಲ್ಡ್ ಕಂಪನಿಯ ಆಲ್ಬಂಗಳು, ಇಥಿಯೋಪಿಯಾದ ಹಳೆಯ ಧ್ವನಿಮುದ್ರಣಗಳನ್ನು ಒಟ್ಟುಗೂಡಿಸಿರುವ ‘ಎತಿಯೋಪಿಕ್’ ಸರಣಿ ಹುಡುಕಾಟಕ್ಕೆ ಒಳ್ಳೆಯ ಜಾಗಗಳು. ಕಡಲು, ತೆಂಗಿನಮರ, ಸೂರ್ಯಾಸ್ತದ ಮುಖಪುಟ ಹೊತ್ತು ‘ರಿಲ್ಯಾಕ್ಸ್’ ಎಂದು ಮಾರಾಟವಾಗುವ ಸಂಕಲನಗಳ ಹತ್ತಿರ ಸುಳಿಯಬೇಡಿ. ಅವುಗಳಲ್ಲಿ ಯಾವ ಹಾಡಿನ ಮೇಲೂ ಅದೇ ಯಂತ್ರದ ತಾಳ ಮೆತ್ತಿರುತ್ತಾರೆ, ಹಾಡಿದವರ ಹೆಸರನ್ನೂ ಹಾಕಿರುವುದಿಲ್ಲ. ವಿಡಿಯೊದಿಂದ ಎಂಪಿ3 ಕಿತ್ತುಕೊಡುವ ಜಾಲತಾಣಗಳೂ ಬೇಡ. ಕೋರಾದಂಥ 21 ತಂತಿಗಳ ವಾದ್ಯದ ಮೀಟು ಅಲ್ಲಿ ಸವೆದು ತಗಡಿನ ಸದ್ದಾಗುತ್ತದೆ. ಕಲಾವಿದರಿಗೆ ಬಿಡಿಗಾಸೂ ತಲುಪುವುದಿಲ್ಲ.

ಪಾಪ್ ಸೇರಿಸಿ, ಆದರೆ ಮೂರರಲ್ಲಿ ಒಂದು ಪಾಲು ಮೀರದಿರಲಿ. ಪಾಪ್ ಮೊದಲು, ಅದರ ಮೂಲ ಆಮೇಲೆ. ಟೆಕ್ಸಸ್‌ನ ಕ್ರುಆಂಗ್‌ಬಿನ್ ತಂಡ ಮತ್ತು ಅಲಿ ಫರ್ಕಾರ ಮಗ ವಿಯು ಫರ್ಕಾ ಟೂರೆ ಸೇರಿ ತಂದೆಯ ಹಾಡುಗಳನ್ನು 2022ರ ಆಲ್ಬಂ ಒಂದರಲ್ಲಿ ಮತ್ತೆ ನುಡಿಸಿದ್ದಾರೆ. ಹೊಸಬರು ಆ ಮೆತ್ತನೆಯ ಬೇಸ್‌ಗೆ ಬೇಗ ಒಗ್ಗಿಕೊಳ್ಳುತ್ತಾರೆ. ಅದು ಮುಗಿಯುತ್ತಿದ್ದಂತೆ ತಂದೆಯ ಗಿಟಾರ್ ಒಂಟಿಯಾಗಿ ಕೇಳಿಬಂದರೆ ಕಿವಿ ತಾನಾಗಿ ನಿಮಿರುತ್ತದೆ. ಕ್ರಮ ತಿರುಗುಮುರುಗಾದರೆ ಪಾಪ್ ಹಾಡು ಸಪ್ಪೆಯೆನಿಸುತ್ತದೆ, ಇಬ್ಬರಿಗೂ ಅನ್ಯಾಯ.

ಎಲ್ಲರೂ ಎಡವುವುದು ಜೋಡಣೆಯಲ್ಲಿ. ಎರಡು ಹಾಡು ಅಕ್ಕಪಕ್ಕ ಕೂರುತ್ತವೆಯೇ ಎಂದು ತಿಳಿಯಲು ಎರಡನ್ನೂ ಪೂರ್ತಿ ಕೇಳಬೇಕಾಗಿಲ್ಲ. ಮೊದಲನೆಯದರ ಕೊನೆಯ ಇಪ್ಪತ್ತು ಸೆಕೆಂಡು, ಎರಡನೆಯದರ ಮೊದಲ ಇಪ್ಪತ್ತು ಸೆಕೆಂಡು, ಇಷ್ಟನ್ನೇ ಮತ್ತೆ ಮತ್ತೆ ಕೇಳಿ.

ಮೊದಲು ಶ್ರುತಿ. ಹಾಡು ನಿಂತ ಕೂಡಲೇ ಗುನುಗಿ. ಬಾಯಿ ಯಾವ ಸ್ವರಕ್ಕೆ ಬಂದು ವಿಶ್ರಮಿಸುತ್ತದೆಯೋ ಅದೇ ಅದರ ಷಡ್ಜ, ಅಂದರೆ ‘ಸ’. ಮೊಬೈಲಿನ ತಂಬೂರಿ ಆ್ಯಪ್ ತೆರೆದು ಒಂದೊಂದೇ ಮನೆ ಏರಿಸುತ್ತಾ ಹೋದರೆ ಅದು ಯಾವುದೆಂದು ತಿಳಿಯುತ್ತದೆ. ಹಾರ್ಮೋನಿಯಂ ಇರುವವರು ಬಿಳಿ ಒಂದು, ಕರಿ ಒಂದು ಎಂದು ಆ ಮನೆಯ ಹೆಸರನ್ನು ಹಾಡಿನ ಹೆಸರಿನ ಪಕ್ಕ ಬರೆದಿಡಿ. ಹಳೆಯ ಧ್ವನಿಮುದ್ರಣಗಳಲ್ಲಿ ಶ್ರುತಿ ಎರಡು ಮನೆಗಳ ನಡುವೆ ಬೀಳುವುದುಂಟು. ಆಗ ಹತ್ತಿರದ್ದನ್ನು ಗುರುತಿಸಿಕೊಂಡರೆ ಸಾಕು. ಮುಂದಿನ ಹಾಡಿನ ಷಡ್ಜವೂ ಅದೇ ಆಗಿದ್ದರೆ ಚಿಂತೆಯಿಲ್ಲ. ಅದು ಮೊದಲ ಹಾಡಿನ ಮಧ್ಯಮಕ್ಕೋ (ಮ) ಪಂಚಮಕ್ಕೋ (ಪ) ಹೋದರೂ ಕಿವಿ ಒಪ್ಪುತ್ತದೆ. ಬಿಳಿ ಒಂದರಿಂದ ಪಕ್ಕದ ಮನೆಯಾದ ಕರಿ ಒಂದಕ್ಕೆ ಸರಿದಿರೋ, ಎರಡನೆಯ ಗಾಯಕಿ ಎಷ್ಟೇ ಶುದ್ಧವಾಗಿ ಹಾಡಿದ್ದರೂ ಅಪಸ್ವರದಲ್ಲಿ ಎತ್ತಿಕೊಂಡಂತೆ ಕೇಳಿಸುತ್ತದೆ.

ಐದು ಸ್ವರದ ಮಿಕ್ಸ್‌ನಲ್ಲಿ ಇದಕ್ಕೊಂದು ಚೆಂದದ ಹಾದಿಯಿದೆ. ಮೋಹನದ ಧೈವತವನ್ನೇ (ದ) ಷಡ್ಜ ಮಾಡಿಕೊಂಡು ಹಾಡಿದರೆ ಶುದ್ಧ ಧನ್ಯಾಸಿಯಾಗುತ್ತದೆ. ನಮ್ಮ ಸಂಗೀತಗಾರರು ಇದನ್ನು ಗ್ರಹಭೇದ ಎನ್ನುತ್ತಾರೆ. ಬಿಳಿ ಒಂದರಲ್ಲಿ ಮೋಹನದಂತಿರುವ ಇಥಿಯೋಪಿಯಾದ ಹಾಡಿನ ಬೆನ್ನಿಗೆ ಬಿಳಿ ಆರರಲ್ಲಿ ಶುದ್ಧ ಧನ್ಯಾಸಿಯಂತಿರುವ ಮಾಲಿಯ ಹಾಡು ಇಟ್ಟು ನೋಡಿ. ಒಂದು ಸ್ವರವೂ ಬದಲಾಗಿರುವುದಿಲ್ಲ, ಆದರೆ ಭಾವ ಪೂರ್ತಿ ಬೇರೆಯಾಗಿರುತ್ತದೆ. ಇಂಥ ಒಂದು ಜೋಡಿ ಸಿಕ್ಕರೆ ಅದನ್ನು ಮಿಕ್ಸ್‌ನ ನಡುಭಾಗದಲ್ಲಿಡಿ.

ಶ್ರುತಿ ಹೊಂದದ, ಆದರೆ ಬಿಡಲೂ ಮನಸ್ಸಿಲ್ಲದ ಎರಡು ಹಾಡುಗಳ ನಡುವೆ ಬರೀ ಚರ್ಮವಾದ್ಯದ ತುಣುಕೊಂದನ್ನು ಇಡಿ. ಸೆನೆಗಲ್‌ನ ದೂದು ಎನ್ಜಾಯ್ ರೋಸ್ ಅವರ ತಂಡದ ವಾದನ ಒಂದು ನಿಮಿಷ ಕೇಳಿದರೆ ಹಿಂದಿನ ಷಡ್ಜ ನೆನಪಿನಿಂದ ಅಳಿಸಿಹೋಗುತ್ತದೆ. ಮುಂದಿನ ಹಾಡು ಯಾವ ಶ್ರುತಿಯಲ್ಲಿ ಬಂದರೂ ನಡೆಯುತ್ತದೆ.

ಇನ್ನು ಲಯ. ಹದಿನೈದು ಸೆಕೆಂಡು ಕೈತಟ್ಟಿ, ಬಂದ ಎಣಿಕೆಯನ್ನು ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 70 ಮತ್ತು 140 ಒಗ್ಗುತ್ತವೆ, ಏಕೆಂದರೆ ಎರಡನೆಯದು ಮೊದಲನೆಯದರ ಎರಡನೇ ಕಾಲ, ಅಂದರೆ ಇಮ್ಮಡಿ ವೇಗ. 70 ಮತ್ತು 95 ಕಾದಾಡುತ್ತವೆ. ಹಾಡು ಮುಗಿಯುವ ರೀತಿಯನ್ನೂ ಗಮನಿಸಿ. ನಿಧಾನವಾಗಿ ಕರಗಿಹೋಗುವ ಹಾಡಿನ ನಂತರ ಇನ್ನೊಂದು ಮೆಲ್ಲಗೆ ಏಳುವ ಹಾಡು ಬಂದರೆ ಕೇಳುಗ ಮೊಬೈಲ್ ಕೆಟ್ಟಿತೇ ಎಂದು ನೋಡುತ್ತಾನೆ. ಅಲ್ಲಿ ಗಟ್ಟಿಯಾಗಿ ಶುರುವಾಗುವುದು ಬೇಕು. ಆ್ಯಪ್‌ನಲ್ಲಿ ಒಂದರ ಬಾಲದ ಮೇಲೆ ಇನ್ನೊಂದನ್ನು ಹತ್ತಿಸುವ ಕ್ರಾಸ್‌ಫೇಡ್ ಸೌಲಭ್ಯವಿದ್ದರೆ ದಯವಿಟ್ಟು ಮುಚ್ಚಿಡಿ. ಎರಡು ಶ್ರುತಿಗಳನ್ನು ಒಟ್ಟಿಗೆ ನುಡಿಸಿ ಎರಡನ್ನೂ ಕೆಡಿಸುವ ಅಡ್ಡದಾರಿ ಅದು.

ಸದ್ದಿನ ಮಟ್ಟ ಸರಿಪಡಿಸಿ. ಭಟ್ ಮತ್ತು ಕೂಡರ್ ಸಾಂತಾ ಬಾರ್ಬರಾದ ಪ್ರಾರ್ಥನಾ ಮಂದಿರವೊಂದರಲ್ಲಿ ನುಡಿಸಿದ ಧ್ವನಿಮುದ್ರಣ ಮೆಲುದನಿಯದು. ಅದರ ಪಕ್ಕದಲ್ಲಿ ಈಚಿನ ಪಾಪ್ ಹಾಡು ಬಂದರೆ ಕೇಳುಗ ಬೆಚ್ಚಿಬೀಳುತ್ತಾನೆ. ಫೈಲುಗಳಿದ್ದರೆ ಆಡಾಸಿಟಿ ಎಂಬ ಉಚಿತ ತಂತ್ರಾಂಶದ ಲೌಡ್‌ನೆಸ್ ನಾರ್ಮಲೈಸೇಶನ್ (ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಸೌಲಭ್ಯ) ಬಳಸಿ, ಆಮೇಲೆ ಮೆಲುದನಿಯ ಹಾಡನ್ನು ಕಿವಿಯ ಅಂದಾಜಿನಲ್ಲಿ ತುಸು ತಗ್ಗಿಸಿ. ಬೇಸ್ ಉಬ್ಬಿಸುವ ಅಗ್ಗದ ಬ್ಲೂಟೂತ್ ಸ್ಪೀಕರಿನಲ್ಲಿ ಈ ಕೆಲಸ ಮಾಡಬೇಡಿ, ಸಾಧಾರಣ ಇಯರ್‌ಫೋನೇ ವಾಸಿ.

ಹೆಸರುಗಳನ್ನು ಬರೆಯದೆ ಮಿಕ್ಸ್ ಮುಗಿಯುವುದಿಲ್ಲ. ದಕ್ಷಿಣ ಆಫ್ರಿಕಾದ ಸೊಲೊಮನ್ ಲಿಂಡಾ 1939ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಧ್ವನಿಮುದ್ರಿಸಿದ ‘ಎಂಬೂಬೆ’ ಇಂಗ್ಲಿಷ್ ರೂಪ ತಾಳಿ ಲೋಕವೆಲ್ಲ ಸುತ್ತಿತು. ಅವರು ಬಡತನದಲ್ಲೇ ತೀರಿಕೊಂಡರು. ಅವರ ಮಕ್ಕಳಿಗೆ ನ್ಯಾಯಯುತ ಒಪ್ಪಂದ ದಕ್ಕಿದ್ದು 2006ರಲ್ಲಿ. ಆದ್ದರಿಂದ ಪ್ರತಿ ಹಾಡಿಗೂ ಹಾಡಿದವರು, ನುಡಿಸಿದವರು, ಊರು, ಭಾಷೆ, ವರ್ಷ, ಇಷ್ಟನ್ನು ಒಂದು ಸಾಲಿನಲ್ಲಿ ಕನ್ನಡದಲ್ಲೇ ಬರೆದು ಲಿಂಕ್ ಜೊತೆ ಕಳುಹಿಸಿ. ಹಾಡುಗಳ ಕ್ರಮ ಕಲಸುವ ಷಫಲ್ ನಿಲ್ಲಿಸಿ ಕೇಳಬೇಕೆಂದು ಮೇಲೆಯೇ ಬರೆಯಿರಿ. ಕೆಲವು ಆ್ಯಪ್‌ಗಳ ಉಚಿತ ಆವೃತ್ತಿಯಲ್ಲಿ ನಡುವೆ ಜಾಹೀರಾತು ನುಗ್ಗುತ್ತದೆ. ಹತ್ತಿರದವರಾದರೆ ಮನೆಗೆ ಕರೆದು ಕೂರಿಸಿಕೊಂಡೇ ಕೇಳಿಸಿ.