ಕಂಪ್ಯೂಟರ್‌ನಿಂದ ಮೊಬೈಲ್‌ಗೆ ಫ್ರೀ ಎಸ್ಸೆಮ್ಮೆಸ್ ಕಳ್ಸೋದು ಹೇಗೆ?

ಪ್ರಪಂಚದ ಮೊದಲನೇ ಎಸ್ಸೆಮ್ಮೆಸ್ ಹೋಗಿದ್ದು ಮೊಬೈಲ್‌ನಿಂದ ಅಲ್ಲ, ಕಂಪ್ಯೂಟರ್‌ನಿಂದ. 1992ರ ಡಿಸೆಂಬರ್ 3ಕ್ಕೆ ಬ್ರಿಟನ್‌ನಲ್ಲಿ ನೀಲ್ ಪ್ಯಾಪ್‌ವರ್ತ್ ಅನ್ನೋ ಇಂಜಿನಿಯರ್ 'ಮೆರಿ ಕ್ರಿಸ್ಮಸ್' ಅಂತ ಕಂಪ್ಯೂಟರಲ್ಲಿ ಟೈಪ್ ಮಾಡಿ ವೊಡಾಫೋನ್ ನೆಟ್‌ವರ್ಕ್‌ನಲ್ಲಿದ್ದ ಒಂದು ಫೋನಿಗೆ ಕಳ್ಸಿದ್ರು, ಆ ಫೋನಲ್ಲಿ ವಾಪಸ್ ಟೈಪ್ ಮಾಡೋಕೇ ಆಗ್ತಿರ್ಲಿಲ್ಲ. ಅಂದ್ರೆ ಇದೇನು ಹೊಸ ವಿದ್ಯೆ ಅಲ್ಲ, ತಲೆನೋವು ಇರೋದು ದುಡ್ಡಿನ ವಿಷಯದಲ್ಲಿ. ಇಂಟರ್ನೆಟ್‌ನಲ್ಲಿ ಎಲ್ಲಿಂದಾನೇ ಹೊರಡ್ಲಿ, ಎಸ್ಸೆಮ್ಮೆಸ್ ಕೊನೆಗೆ ಮೊಬೈಲ್ ಕಂಪನಿ ನೆಟ್‌ವರ್ಕ್ ಮೇಲೇನೇ ಹೋಗ್ಬೇಕು, ಅವರು ಸುಮ್ನೆ ಬಿಡಲ್ಲ. ಫ್ರೀ ಅಂತ ಬೋರ್ಡ್ ಹಾಕ್ಕೊಂಡಿರೋ ಸೈಟ್‌ಗಳು ಆ ಖರ್ಚನ್ನ ಜಾಹೀರಾತಿಂದ್ಲೋ, ನೀವು ಟೈಪ್ ಮಾಡಿದ ನಂಬರ್‌ಗಳಿಂದ್ಲೋ ಹೆಂಗಾದ್ರೂ ವಸೂಲಿ ಮಾಡ್ಕೋಬೇಕಲ್ವಾ?

ಅದಕ್ಕೇ ನಾನು ಹೇಳೋದು, ಮೊದ್ಲು ನಿಮ್ಮ ಸಿಮ್ ಪ್ಲಾನ್‌ನಲ್ಲಿ ಎಸ್ಸೆಮ್ಮೆಸ್ ಪುಕ್ಕಟೆ ಇದ್ಯಾ ನೋಡಿ. ಇದ್ರೆ ಯಾವ ಸೈಟೂ ಬೇಡ, ನಿಮ್ಮ ಫೋನನ್ನೇ ಕಂಪ್ಯೂಟರಿಗೆ ಜೋಡಿಸ್ಕೊಳ್ಳಿ.

ಆಂಡ್ರಾಯ್ಡ್ ಆದ್ರೆ ಫೋನಲ್ಲಿ ಗೂಗಲ್ ಮೆಸೇಜಸ್ ಆಪ್ ಇರ್ಬೇಕು, ಅದೇ ಡೀಫಾಲ್ಟ್ ಎಸ್ಸೆಮ್ಮೆಸ್ ಆಪ್, ಅಂದ್ರೆ ಎಸ್ಸೆಮ್ಮೆಸ್‌ಗೆ ಫೋನು ತಾನಾಗೇ ಬಳಸೋ ಆಪ್ ಆಗಿರ್ಬೇಕು. ಕಂಪ್ಯೂಟರ್ ಬ್ರೌಸರಲ್ಲಿ ಮೆಸೇಜಸ್ ಡಾಟ್ ಗೂಗಲ್ ಡಾಟ್ ಕಾಮ್ ಸ್ಲ್ಯಾಶ್ ವೆಬ್ ತೆಗೀರಿ. ಆಮೇಲೆ ಫೋನಿನ ಆಪಲ್ಲಿ ಮೇಲ್ಗಡೆ ನಿಮ್ಮ ಫೋಟೋ ಮುಟ್ಟಿ, ಡಿವೈಸ್ ಪೇರಿಂಗ್‌ಗೆ ಹೋಗಿ. ಕ್ಯೂಆರ್ ಕೋಡ್ ತೋರಿಸಿದ್ರೆ ಸ್ಕ್ಯಾನ್ ಮಾಡಿ, ಗೂಗಲ್ ಅಕೌಂಟಿಂದ ಲಾಗಿನ್ ಆಗು ಅಂದ್ರೆ ಹಾಗೇ ಆಗಿ. ಇಷ್ಟೇ, ಫೋನಲ್ಲಿರೋ ಮೆಸೇಜ್‌ಗಳೆಲ್ಲಾ ದೊಡ್ಡ ಸ್ಕ್ರೀನ್ ಮೇಲೆ ಬರ್ತವೆ, ಕೀಬೋರ್ಡ್‌ನಲ್ಲಿ ಟಕಟಕ ಅಂತ ಹೊಡೆದು ಕಳ್ಸಿ. ಆದ್ರೆ ನಿಜವಾಗಿ ಕಳ್ಸೋದು ನಿಮ್ಮ ಸಿಮ್ಮೇ, ಹಾಗಾಗಿ ಫೋನ್ ಆನ್ ಇರ್ಬೇಕು, ಅದರಲ್ಲಿ ನೆಟ್ಟೂ ಇರ್ಬೇಕು. ವಿಂಡೋಸ್‌ನವ್ರು ಫೋನ್ ಲಿಂಕ್ ಆಪ್ ಹಾಕ್ಕೋಬಹುದು. ಐಫೋನ್ ಜೊತೆ ಮ್ಯಾಕ್ ಇದ್ರೆ ಎರಡರಲ್ಲೂ ಒಂದೇ ಆಪಲ್ ಅಕೌಂಟ್ ಇರ್ಲಿ, ಫೋನಿನ ಮೆಸೇಜಸ್ ಸೆಟ್ಟಿಂಗ್ಸಲ್ಲಿ ಟೆಕ್ಸ್ಟ್ ಮೆಸೇಜ್ ಫಾರ್ವರ್ಡಿಂಗ್ ಆನ್ ಮಾಡಿ.

ಪ್ಲಾನಲ್ಲಿ ಎಸ್ಸೆಮ್ಮೆಸ್ ಇಲ್ಲ ಅನ್ನೋರಿಗೆ ಉಳಿಯೋದು ವೆಬ್‌ಸೈಟ್ ದಾರಿ. ನಂಬರ್ ಹಾಕುವಾಗ ಪ್ಲಸ್ ಗುರುತು, ದೇಶದ ಕೋಡ್, ಆಮೇಲೆ ನಂಬರ್, ನಂಬರಿನ ಶುರುವಲ್ಲಿ ಹಾಕೋ ಸೊನ್ನೆ ಬೇಕಾಗಲ್ಲ ಸಾಮಾನ್ಯವಾಗಿ. ಆ ಕಡೆಯವರಿಗೆ ನಿಮ್ಮ ನಂಬರ್ ಕಾಣದೆ ಯಾವುದೋ ಬೇರೆ ನಂಬರ್ ಕಾಣೋ ಸಾಧ್ಯತೆ ಜಾಸ್ತಿ, ಅದಕ್ಕೆ ಮೆಸೇಜ್ ಶುರುವಲ್ಲೇ ನಿಮ್ಮ ಹೆಸರು ಬರೀರಿ, ಇಲ್ಲಾಂದ್ರೆ ಸ್ಪ್ಯಾಮ್ ಅಂತ ಡಿಲೀಟ್ ಆಗತ್ತೆ. ಮೇಲ್ ಪಾಸ್‌ವರ್ಡ್ ಕೇಳೋ ಸೈಟು, ಕಾಂಟ್ಯಾಕ್ಟ್ಸ್ ಎಲ್ಲಾ ಅಪ್‌ಲೋಡ್ ಮಾಡಿ ಅನ್ನೋ ಸೈಟು, ಎರಡನ್ನೂ ಆ ಕ್ಷಣವೇ ಮುಚ್ಚಿ. ಪಾಸ್‌ವರ್ಡು, ಓಟಿಪಿ, ಅಕೌಂಟ್ ನಂಬರ್ ಇಂಥವನ್ನೆಲ್ಲಾ ಇಂಥ ಸೈಟಲ್ಲಿ ಟೈಪ್ ಮಾಡ್ಲೇಬೇಡಿ, ನೀವು ಬರೆದಿದ್ದು ಅವರ ಸರ್ವರ್ ಮೇಲೇ ಹೋಗೋದು.

ಇಮೇಲ್‌ನಿಂದ ಎಸ್ಸೆಮ್ಮೆಸ್ ಕಳ್ಸೋ ಹಳೇ ಉಪಾಯ ಒಂದಿತ್ತು, ಫೋನ್ ನಂಬರ್ ಆದ್ಮೇಲೆ ಆಟ್ (@) ಗುರುತು ಹಾಕಿ ಮೊಬೈಲ್ ಕಂಪನಿಯ ಡೊಮೇನ್, ಅಂದ್ರೆ ಇಂಟರ್ನೆಟ್ ವಿಳಾಸ ಬರೆದ್ರೆ ಮೇಲ್ ಮೆಸೇಜಾಗಿ ತಲುಪ್ತಿತ್ತು. ಅಮೆರಿಕದ ಎಟಿ ಅಂಡ್ ಟಿ ಅದನ್ನ 2025ರ ಜೂನ್‌ನಲ್ಲಿ ನಿಲ್ಲಿಸ್ತು, ಹಳೇ ಲೇಖನ ಓದ್ಕೊಂಡು ಅದರ ಹಿಂದೆ ಬೀಳ್ಬೇಡಿ.

ಈಗ ಕನ್ನಡದಲ್ಲಿ ಕಳ್ಸೋರಿಗೆ ಮುಖ್ಯವಾದ ವಿಷಯ. ಒಂದು ಎಸ್ಸೆಮ್ಮೆಸ್ ಅಂದ್ರೆ 140 ಬೈಟ್. ಬರೀ ಇಂಗ್ಲಿಷ್ ಆದ್ರೆ ಅದರಲ್ಲಿ 160 ಅಕ್ಷರ ಹಿಡಿಯತ್ತೆ, ಕನ್ನಡ ಬಂತು ಅಂದ್ರೆ ಯೂನಿಕೋಡ್ (ಎಲ್ಲಾ ಭಾಷೆಯ ಅಕ್ಷರಗಳಿಗೂ ಇರೋ ಕೋಡ್ ಪದ್ಧತಿ) ಆಗಿ ಸಾಮಾನ್ಯವಾಗಿ 70ಕ್ಕೆ ಇಳಿಯತ್ತೆ. ಅದೂ ನಮ್ಮ ಲೆಕ್ಕದ ಅಕ್ಷರ ಅಲ್ಲ. 'ನಮಸ್ಕಾರ' ಕಣ್ಣಿಗೆ ನಾಲ್ಕೇ ಅಕ್ಷರ, ಆದ್ರೆ ಮಷೀನು ನ, ಮ, ಸ, ಅರ್ಧಾಕ್ಷರದ ವಿರಾಮ, ಕ, ದೀರ್ಘ, ರ ಅಂತ ಏಳು ಎಣಿಸತ್ತೆ! ಒತ್ತಕ್ಷರ ಜಾಸ್ತಿ ಇದ್ದಷ್ಟೂ ಜಾಗ ಬೇಗ ಖಾಲಿ. 70 ದಾಟಿದ್ರೆ ಮೆಸೇಜ್ ತುಂಡಾಗತ್ತೆ, ತುಂಡುಗಳನ್ನ ಜೋಡಿಸೋ ಮಾಹಿತಿಗೂ ಜಾಗ ಬೇಕಲ್ಲ, ಅದಕ್ಕೆ ಒಂದೊಂದು ತುಂಡಲ್ಲಿ 67 ಮಾತ್ರ. ಇಂಗ್ಲಿಷ್ ಮೆಸೇಜಲ್ಲಿ ಒಂದು ಇಮೋಜಿ ಸೇರಿಸಿದ್ರೂ ಇದೇ ಕಥೆ, ಪೂರ್ತಿ ಮೆಸೇಜ್ 70ರ ಲೆಕ್ಕಕ್ಕೆ ಬೀಳತ್ತೆ. ದಿನಕ್ಕೆ ಇಷ್ಟೇ ಮೆಸೇಜ್ ಅಂತ ಮಿತಿ ಇದ್ರೆ ಒಂದು ಉದ್ದದ ಶುಭಾಶಯದಲ್ಲೇ ಮೂರ್ನಾಲ್ಕು ಹೋಗಿರತ್ತೆ, ಗಮನಿಸಿ.

ವಾಟ್ಸಾಪ್, ಟೆಲಿಗ್ರಾಂ ವೆಬ್ಬಲ್ಲಿ ಈ ಗೋಳಿಲ್ಲ ನಿಜ, ಆದ್ರೆ ಆ ಕಡೆ ಫೋನಲ್ಲಿ ಅದೇ ಆಪೂ ನೆಟ್ಟೂ ಇರ್ಬೇಕು. ಬಟನ್ ಫೋನ್ ಇಟ್ಕೊಂಡಿರೋ ದೊಡ್ಡೋರಿಗೆ ಎಸ್ಸೆಮ್ಮೆಸ್ಸೇ ಗತಿ.

ಇನ್ನೊಂದು, ಆಫೀಸಿಂದೋ ಬೇರೆಯವರದ್ದೋ ಕಂಪ್ಯೂಟರಲ್ಲಿ ಫೋನ್ ಜೋಡಿಸಿದ್ರೆ ಕೆಲಸ ಮುಗಿದ ತಕ್ಷಣ ಅನ್‌ಪೇರ್ ಮಾಡಿ. ಬ್ರೌಸರ್ ಮುಚ್ಚಿದ್ರೆ ಸಾಕಾಗಲ್ಲ, ಜೋಡಣೆ ಹಾಗೇ ಉಳ್ಕೊಂಡಿರಬಹುದು, ಆಮೇಲೆ ಬರೋ ಬ್ಯಾಂಕ್ ಓಟಿಪಿನೂ ಅಲ್ಲಿ ಕೂತೋರು ಓದ್ತಾರೆ. ಮನೆಗೆ ಬಂದ್ಮೇಲೆ ನೆನಪಾದ್ರೂ ಪರ್ವಾಗಿಲ್ಲ, ಫೋನಿನ ಅದೇ ಡಿವೈಸ್ ಪೇರಿಂಗ್ ಜಾಗಕ್ಕೆ ಹೋಗಿ ಅಲ್ಲಿಂದಾನೇ ಕಿತ್ತು ಹಾಕ್ಬಹುದು.