ರಬ್ಬರ್ ತೆಗೆದರೂ ಅಡಿಕೆ ನಿಲ್ಲಬೇಕು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಅಡಿಕೆ ಅಂಗಡಿಗೆ ಖರೀದಿ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಅದನ್ನೇ ಮುಳ್ಳೇರಿಯದ ಇನ್ನೊಂದು ಅಂಗಡಿಯವರು ಕೇಳಿದರು. ಅಲ್ಲಿಗೆ ಅಡಿಕೆಯ ಜೊತೆ ರಬ್ಬರೂ ಬರುತ್ತದೆ, ಹಾಗಾಗಿ ರಬ್ಬರ್ ಸೇರಿಸಿ ಎರಡೂ ಕಡೆಗೆ ಹೊಸ ಆವೃತ್ತಿ ಕೊಟ್ಟೆ. ವಾರ ಕಳೆಯುವಷ್ಟರಲ್ಲಿ ಬದಿಯಡ್ಕದಿಂದ ಫೋನು: “ನಮಗೆ ರಬ್ಬರಿನ ಲೆಕ್ಕ ಯಾಕೆ ಮಾರಾಯ್ರೇ? ಮೊನ್ನೆಯಿಂದ ಪಟೋರದ ಬಿಲ್ಲೂ ಸರಿ ಬರುವುದಿಲ್ಲ.” ರಬ್ಬರಿಗೋಸ್ಕರ ತೂಕದ ಲೆಕ್ಕದಲ್ಲಿ ಮಾಡಿದ ಒಂದು ತಿದ್ದುಪಡಿ ಪಟೋರ ಎಂಬ ಅಡಿಕೆ ದರ್ಜೆಯ ಸಾಲಿಗೂ ತಾಗಿತ್ತು.

ಒಂದೊಂದು ಬೆಳೆಯದ್ದು ಒಂದೊಂದು ಲೆಕ್ಕ. ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಅಡಿಕೆಯನ್ನು ಬೇರೆ ಮಾಡಿ ದರ ಹಾಕುತ್ತಾರೆ. ರಬ್ಬರ್ ಹಾಲಿಗೆ ತೂಕದ ಮೇಲಷ್ಟೇ ದರವಿಲ್ಲ, ಅದರಲ್ಲಿರುವ ಒಣ ರಬ್ಬರಿನ ಶೇಕಡಾ ಪ್ರಮಾಣವನ್ನು ಗುಣಿಸಬೇಕು. ಕಾಳುಮೆಣಸಿಗೆ ತೇವಾಂಶ ನೋಡುತ್ತಾರೆ. ಇವನ್ನೆಲ್ಲ ಒಂದೇ ಕೋಡಿನಲ್ಲಿ ‘ಇಫ್’ ‘ಎಲ್ಸ್’ ಎಂಬ ಷರತ್ತುಗಳನ್ನು ಹಾಕಿ ಬರೆಯುತ್ತ ಹೋದರೆ ಎಲ್ಲಿ ಮುಟ್ಟಿದರೆ ಎಲ್ಲಿ ಬಿಚ್ಚುತ್ತದೆಂದು ಬರೆದವನಿಗೇ ತಿಳಿಯುವುದಿಲ್ಲ. ಮುಖ್ಯ ಪ್ರೋಗ್ರಾಂ ಮುಟ್ಟದೆ ಬೇಕಾದಾಗ ಸೇರಿಸಿ, ಬೇಡವಾದಾಗ ತೆಗೆಯಬಹುದಾದ ತುಂಡುಗಳ, ಅಂದರೆ ಪ್ಲಗಿನ್‌ಗಳ ಕಡೆಗೆ ನಾನು ತಿರುಗಿದ್ದು ಹೀಗೆ. ವೆಬ್ಬಿನಲ್ಲೇ ಮಾಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಜೊತೆ ನೆಟ್ಟೂ ಹೋಗುತ್ತದೆ, ಯುಪಿಎಸ್ ಮೇಲೆ ಕಂಪ್ಯೂಟರ್ ಒಂದೇ ಓಡುತ್ತಿರುತ್ತದೆ. ಅಡಿಕೆ ಮೂಟೆ ಇಳಿಸಿದ ಕೃಷಿಕನನ್ನು ಕಾಯಿಸುವ ಹಾಗಿಲ್ಲ.

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ಎರಡು ದೊಡ್ಡ ದಾರಿಗಳಿದ್ದವು, ಎರಡೂ ಸಿದ್ಧ ಚೌಕಟ್ಟುಗಳು. ಒಂದು ಎಕ್ಲಿಪ್ಸ್ ಆರ್‌ಸಿಪಿ, 2004ರಲ್ಲಿ ಬಂದ ಎಕ್ಲಿಪ್ಸ್ 3.0ರಿಂದ ಓಎಸ್‌ಜಿಐ ಎಂಬ, ಪ್ರೋಗ್ರಾಮನ್ನು ಬಿಡಿ ಬಿಡಿ ಮಾಡ್ಯೂಲುಗಳಾಗಿ ಜೋಡಿಸುವ ವ್ಯವಸ್ಥೆಯ ಮೇಲೆ ನಿಂತದ್ದು. ಇನ್ನೊಂದು ನೆಟ್‌ಬೀನ್ಸ್ ಪ್ಲಾಟ್‌ಫಾರ್ಮ್. 1996ರಲ್ಲಿ ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ‘ಕ್ಸೆಲ್ಫಿ’ ಎಂಬ ಹೆಸರಿನಲ್ಲಿ ಶುರುಮಾಡಿದ ಕೆಲಸ ಅದು. ಮುಂದೆ ಸನ್ ಕಂಪೆನಿಗೆ, ಅಲ್ಲಿಂದ ಒರಾಕಲ್‌ಗೆ, 2016ರಲ್ಲಿ ಅಪಾಚೆಗೆ ಬಂತು. ನನ್ನ ಪರದೆಗಳೆಲ್ಲ ನೆಟ್‌ಬೀನ್ಸಿನ ಪರದೆಗಳ ಹಾಗೆ ಜಾವಾದ ಪರದೆ-ಸಾಧನವಾದ ಸ್ವಿಂಗ್‌ನಲ್ಲಿದ್ದುದರಿಂದ ನೆಟ್‌ಬೀನ್ಸ್ ಹಿಡಿದೆ. ಒಬ್ಬನಿಂದ ಆಗುವ ಕೆಲಸವಲ್ಲವೆಂದು ಊರಿನ ಏಳು ಮಂದಿ ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ಕಲಿಸತೊಡಗಿದೆ. ಮನೆಯಲ್ಲಿ ತುಳು, ಹವ್ಯಕ, ಮರಾಠಿ, ಮಲಯಾಳ ಮಾತಾಡುವವರು. ಪಾಠ ಮಾತ್ರ ಕನ್ನಡದಲ್ಲಿ.

ಮೊದಲ ತಂಡಕ್ಕೆ ಕಲಿಸಿದ ಕ್ರಮ ಸರಿಯಿರಲಿಲ್ಲ. ಹಂತ ಹಂತವಾಗಿ ಕೇಳಿ ಕೋಡು ತಯಾರಿಸಿಕೊಡುವ ವಿಝಾರ್ಡ್ ತೆರೆದು, ಹೊಸ ಮಾಡ್ಯೂಲ್ ಮಾಡಿ, ಕಿಟಕಿ ಸೇರಿಸಿ ಓಡಿಸಿ ತೋರಿಸಿದೆ. ಎಲ್ಲರ ಪರದೆಯಲ್ಲೂ ಸಂಜೆಯೊಳಗೆ ಚಂದದ ಕಿಟಕಿ ಬಂತು. ಆದರೆ ತಿಂಗಳ ಕೊನೆಗೆ ನೋಡಿದರೆ ಎಂಟು ಮಾಡ್ಯೂಲ್‌ಗಳಿದ್ದವು, ಒಂದನ್ನು ತೆಗೆದರೂ ಉಳಿದ ಏಳು ಏಳುತ್ತಿರಲಿಲ್ಲ. ಕೋಡನ್ನು ಎಂಟು ಚೀಲಗಳಲ್ಲಿ ತುಂಬಿಸಿದ್ದರು, ಚೀಲಗಳ ಬಾಯಿಯನ್ನು ಒಂದಕ್ಕೊಂದು ಹೊಲಿದಿದ್ದರು.

ಎರಡನೆಯ ತಂಡಕ್ಕೆ ಮೊದಲ ವಾರ ಪ್ಲಾಟ್‌ಫಾರ್ಮಿನ ಸುದ್ದಿಯನ್ನೇ ಎತ್ತಲಿಲ್ಲ. ಬರೀ ಜಾವಾ, ಮೂರು ಜಾರ್ ಫೈಲು (ಜಾವಾ ಕೋಡು ಕಟ್ಟಿಟ್ಟ ಪೊಟ್ಟಣ). ಒಂದರಲ್ಲಿ ‘ಬೆಳೆ’ ಎಂಬ ಇಂಟರ್‌ಫೇಸ್, ಅಂದರೆ ಪ್ರತಿ ಬೆಳೆಯ ಕೋಡು ಏನೇನು ಕೊಡಬೇಕೆಂಬ ಕರಾರು ಮಾತ್ರ; ಇನ್ನೊಂದರಲ್ಲಿ ಬಿಲ್ಲು ಮಾಡುವ ಮುಖ್ಯ ಪ್ರೋಗ್ರಾಂ; ಮೂರನೆಯದರಲ್ಲಿ ಅಡಿಕೆ. ಜಾವಾ 6ರಿಂದಲೇ ಇರುವ ಸರ್ವಿಸ್‌ಲೋಡರ್ ಇವನ್ನು ಜೋಡಿಸುತ್ತದೆ. ಅಡಿಕೆಯ ಜಾರ್‌ನೊಳಗೆ ಮೆಟಾ-ಇನ್ಫ್, ಅದರೊಳಗೆ ಸರ್ವಿಸಸ್ ಎಂಬ ಫೋಲ್ಡರ್. ಅಲ್ಲೊಂದು ಫೈಲು, ಇಂಟರ್‌ಫೇಸಿನ ಪೂರ್ಣ ಹೆಸರೇ ಅದರ ಹೆಸರು. ಒಳಗೆ ಒಂದೇ ಸಾಲು, ಆ ಕರಾರು ಪೂರೈಸುವ ನಮ್ಮ ಕೋಡಿನ ತುಂಡಿನ, ಅಂದರೆ ಕ್ಲಾಸಿನ ಹೆಸರು. ಅಷ್ಟನ್ನೂ ಕೈಯಿಂದಲೇ ಬರೆಸಿದೆ. ಆಮೇಲೆ ಅಡಿಕೆಯ ಜಾರನ್ನು ಅಳಿಸಿ ಪ್ರೋಗ್ರಾಂ ಓಡಿಸಲು ಹೇಳಿದೆ. ಬೆಳೆಗಳ ಪಟ್ಟಿ ಖಾಲಿ ಬಂತು, ಪ್ರೋಗ್ರಾಂ ಬೀಳಲಿಲ್ಲ. ಆ ಖಾಲಿ ಪಟ್ಟಿ ನೋಡಿದಾಗ ತಂಡದ ಮುಖ ಬೆಳಗಿತು. ಅಲ್ಲಿಂದ ಮುಂದೆ ಪ್ರತಿ ಸಂಜೆ ಯಾರಾದರೊಬ್ಬರ ಮಾಡ್ಯೂಲನ್ನು ತೆಗೆದು ಓಡಿಸುವುದು ನಮ್ಮ ಪದ್ಧತಿಯಾಯಿತು.

ಅದೇ ವಾರ ಕನ್ನಡದ ತೊಂದರೆ ಎದುರಾಯಿತು. ಬಿಲ್ಲು ಕನ್ನಡದಲ್ಲೂ ಮಲಯಾಳದಲ್ಲೂ ಬೇಕು, ಕಾಸರಗೋಡಿನ ಅಂಗಡಿಗೆ ಒಂದು ಭಾಷೆ ಸಾಲದು. ಪರದೆಯ ಪದಗಳನ್ನು ಇಡುವ ಪ್ರಾಪರ್ಟೀಸ್ ಫೈಲಿನಲ್ಲಿ ‘ಅಡಿಕೆ’ ಎಂದು ಬರೆದರೆ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳು. ಜಾವಾ 8ರ ವರೆಗೆ ಆ ಪದಗಳನ್ನು ಎತ್ತಿಕೊಡುವ ರಿಸೋರ್ಸ್ ಬಂಡಲ್ ಎಂಬ ಭಾಗ ಆ ಫೈಲನ್ನು, ಒಂದು ಬೈಟಿಗೆ ಒಂದು ಅಕ್ಷರವೆಂಬ ಲೆಕ್ಕದ ಐಎಸ್‌ಒ 8859-1 ಎಂದೇ ಓದುತ್ತಿತ್ತು. ‘ಅಡಿಕೆ’ಯಲ್ಲಿ 5 ಯೂನಿಕೋಡ್ ಸಂಕೇತಗಳು, ಅವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3 ಬೈಟ್, ಹಾಗೆ 15 ಬೈಟ್‌ಗಳನ್ನು 15 ಬೇರೆ ಬೇರೆ ಅಕ್ಷರಗಳೆಂದು ಅದು ತಿಳಿಯಿತು. ಪ್ರತಿ ಸಂಕೇತವನ್ನೂ ಬ್ಯಾಕ್‌ಸ್ಲ್ಯಾಶ್-ಯು ಹಾಕಿ ನಾಲ್ಕು ಅಂಕಿಗಳಲ್ಲಿ ಬರೆಯಬೇಕಿತ್ತು. 2017ರ ಜಾವಾ 9ರಿಂದ ರಿಸೋರ್ಸ್ ಬಂಡಲ್ ಯುಟಿಎಫ್-8 ಓದುತ್ತದೆ. ಹಳೆಯ ಯಂತ್ರಗಳಿರುವ ಅಂಗಡಿಗೆ ಹೋಗುವವರು ಇದನ್ನು ತಿಳಿದಿರಲೇಬೇಕೆಂದು ಒಂದು ಪೂರ್ತಿ ದಿನ ಇದಕ್ಕೇ ಕೊಟ್ಟೆ.

ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ಮೊದಲ ಜಗಳ, ಎಲ್ಲರಿಗೂ ತೆರೆದದ್ದು ಎಂಬರ್ಥದ ‘ಪಬ್ಲಿಕ್’ ಪದದ ಮೇಲೆ. “ಕ್ಲಾಸಿಗೆ ಪಬ್ಲಿಕ್ ಅಂತ ಬರೆದಿದ್ದೇನಲ್ಲ ಸರ್, ಮತ್ತೆ ಯಾಕೆ ಸಿಗುವುದಿಲ್ಲ?” ನೆಟ್‌ಬೀನ್ಸ್ ಮಾಡ್ಯೂಲಿನಲ್ಲಿ ಪ್ಯಾಕೇಜುಗಳು, ಅಂದರೆ ಕ್ಲಾಸುಗಳ ಗುಂಪುಗಳು, ಮೊದಲಿಗೆ ಮುಚ್ಚಿರುತ್ತವೆ. ಯಾವುದನ್ನು ಹೊರಗಿನವರಿಗೆ ಬಿಡುತ್ತೇವೆಂದು ಬೇರೆಯಾಗಿ ಸಾರಬೇಕು, ಬಳಸುವವನೂ ಇಂಥ ಮಾಡ್ಯೂಲ್ ನನಗೆ ಬೇಕೆಂದು ಹೇಳಿರಬೇಕು. ನಮ್ಮ ಮನೆಗಳ ಚಾವಡಿಯನ್ನು ನೆನಪಿಸಿದೆ. ಬಂದವರು ಚಾವಡಿಯಲ್ಲಿ ಕುಳಿತುಕೊಳ್ಳುತ್ತಾರೆ, ನೇರ ಅಡುಗೆಮನೆಗೆ ನುಗ್ಗುವುದಿಲ್ಲ. ನಾಳೆ ಒಲೆ ಬದಲಿಸಿದರೆ ಚಾವಡಿಯಲ್ಲಿ ಕೂತವರಿಗೆ ತಿಳಿಯಬೇಕಾಗಿಲ್ಲ.

ಮುಂದಿನ ಗಂಟು ಸುತ್ತು ಅವಲಂಬನೆಯದ್ದು. ಪೈಸೆ ಸರಿಮಾಡುವ ಕೋಡಿಗಾಗಿ ರಬ್ಬರ್ ಅಡಿಕೆಯನ್ನು ಹಿಡಿದಿತ್ತು, ತೂಕದ ಕೋಡಿಗಾಗಿ ಅಡಿಕೆ ರಬ್ಬರನ್ನು ಹಿಡಿಯಲು ಹೋಯಿತು. ಬಿಲ್ಡ್, ಅಂದರೆ ಕೋಡನ್ನು ಪ್ರೋಗ್ರಾಮಾಗಿ ಕಟ್ಟುವ ಹಂತ, ಒಪ್ಪಲೇ ಇಲ್ಲ. ಆ ಎರಡು ಕೋಡುಗಳನ್ನೂ ಕಿತ್ತು ‘ಲೆಕ್ಕ’ ಎಂಬ ಮೂರನೆಯ ಮಾಡ್ಯೂಲಿಗೆ ಹಾಕಿದೆವು.

ಎಲ್ಲಕ್ಕಿಂತ ಹೆಚ್ಚು ದಣಿಸಿದ್ದು ಲುಕಪ್, ಮಾಡ್ಯೂಲುಗಳು ಒಂದನ್ನೊಂದು ಅರಿಯದೆಯೂ ವಸ್ತುಗಳನ್ನು ಹಂಚಿಕೊಳ್ಳಲು ನೆಟ್‌ಬೀನ್ಸ್ ಕೊಡುವ ವ್ಯವಸ್ಥೆ. ಬಿಲ್ಲುಗಳ ಪಟ್ಟಿಯಲ್ಲಿ ಒಂದನ್ನು ಒತ್ತಿದರೆ ಪಕ್ಕದ ಕಿಟಕಿಯಲ್ಲಿ ಅದರ ವಿವರ ಬರಬೇಕು. ಎರಡು ಕಿಟಕಿಗಳೂ ಬೇರೆ ಬೇರೆ ಮಾಡ್ಯೂಲಿನವು, ಒಂದರ ಗುರುತು ಇನ್ನೊಂದಕ್ಕಿಲ್ಲ. ನಡುವೆ ಲುಕಪ್ ಮಾತ್ರ. ಒಬ್ಬ ಹುಡುಗನ ಕೋಡು ಬೆಳಿಗ್ಗೆ ಸರಿಯಾಗಿ ಓಡುತ್ತಿತ್ತು, ಸ್ವಲ್ಪ ಹೊತ್ತಿಗೆ ವಿವರ ಬರುವುದು ನಿಲ್ಲುತ್ತಿತ್ತು, ಮುಚ್ಚಿ ತೆರೆದರೆ ಮತ್ತೆ ಸರಿ. ಎರಡು ದಿನ ಹುಡುಕಿದ. ಉತ್ತರ ನನಗೆ ಹೊಳೆದಿತ್ತು, ಆದರೆ ಹೇಳಲಿಲ್ಲ. ವಿಷುಯಲ್‌ವಿಎಂ ತೆರೆದು — ಅದೂ ನೆಟ್‌ಬೀನ್ಸ್ ಪ್ಲಾಟ್‌ಫಾರ್ಮಿನ ಮೇಲೇ ಕಟ್ಟಿದ, ಓಡುವ ಜಾವಾ ಪ್ರೋಗ್ರಾಮಿನ ಒಳಗನ್ನು ತೋರಿಸುವ ಸಾಧನ — ಪಟ್ಟಿ ಸರಿಯಾಗಿ ಓಡುತ್ತಿರುವಾಗಲೇ ಬಳಕೆಯಿಲ್ಲದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಷನ್ ಗುಂಡಿ ಒತ್ತಲು ಹೇಳಿದೆ. ಒತ್ತಿದ, ವಿವರ ನಿಂತಿತು. ಅವನೇ ಕಂಡುಕೊಂಡ: ಲುಕಪ್ ಕೊಟ್ಟ ರಿಸಲ್ಟನ್ನು ಮೆಥಡಿನೊಳಗಿನ (ಒಂದು ಕೆಲಸ ಮಾಡುವ ಕೋಡಿನ ತುಂಡಿನೊಳಗಿನ) ವೇರಿಯಬಲ್‌ನಲ್ಲಿ ಇಟ್ಟಿದ್ದ. ಮೆಥಡ್ ಮುಗಿದ ಮೇಲೆ ಅದನ್ನು ಹಿಡಿದವರು ಯಾರೂ ಇಲ್ಲ, ಮೆಮೊರಿ ಗುಡಿಸುವಾಗ ಅದೂ ಹೋಯಿತು, ಅದರ ಜೊತೆ ಬದಲಾವಣೆಗೆ ಕಿವಿಗೊಟ್ಟಿದ್ದ ಕೇಳುಗ ಕೋಡೂ. ಕಿಟಕಿ ಇರುವಷ್ಟು ಕಾಲ ಉಳಿಯುವ ಕ್ಲಾಸಿನ ಫೀಲ್ಡಿಗೆ ಸರಿಸಿದ, ಸಮಸ್ಯೆ ಮುಗಿಯಿತು. ಈಗ ಹೊಸಬರಿಗೆ ಲುಕಪ್ ಪಾಠವನ್ನು ಅವನೇ ಮಾಡುತ್ತಾನೆ.

ಕೊನೆಯ ಪರೀಕ್ಷೆಗೆ ಮೂಲ ಕೋಡು ಕೊಡುವುದಿಲ್ಲ. ಎಪಿಐ ಜಾರ್ (ಹೊರಗಿನವರು ಬಳಸಬಹುದಾದ ಇಂಟರ್‌ಫೇಸುಗಳದ್ದು), ಅದನ್ನು ವಿವರಿಸುವ ಜಾವಾಡಾಕ್, ಓಡುವ ಪ್ರೋಗ್ರಾಂ ಇಷ್ಟೇ. ಅದರಿಂದ ಹೊಸ ಬೆಳೆಯೊಂದನ್ನು ಸೇರಿಸಬೇಕು. ಪೆರ್ಲದಿಂದ ಬರುತ್ತಿದ್ದ ಹುಡುಗಿಗೆ ಕೋಕೋ ಸಿಕ್ಕಿತು. ನಾಲ್ಕನೆಯ ದಿನ ಬಂದು ಹೇಳಿದಳು: “ಸರ್, ಕೋಕೋ ಹಸಿ ಬೀಜವೂ ಬರುತ್ತದೆ, ಒಣಗಿದ್ದೂ ಬರುತ್ತದೆ. ನಿಮ್ಮ ಇಂಟರ್‌ಫೇಸಿನಲ್ಲಿ ಅದನ್ನು ಹೇಳಲು ಜಾಗವೇ ಇಲ್ಲ.” ಅವಳು ಹೇಳಿದ್ದು ಸರಿ. ಬರೀ ಹೊಸ ಮೆಥಡ್ ಸೇರಿಸಿದರೆ ಅಡಿಕೆ, ರಬ್ಬರ್, ಮೆಣಸು ಮೂರನ್ನೂ ತಿದ್ದಬೇಕಾಗುತ್ತಿತ್ತು. ಹಳೆಯ ಮಾಡ್ಯೂಲುಗಳನ್ನು ತಿದ್ದದ ಹಾಗೆ ಇಂಟರ್‌ಫೇಸಿನಲ್ಲೇ ಉತ್ತರ ತುಂಬಿಡುವ, ಜಾವಾ 8 ಕೊಟ್ಟ ಡೀಫಾಲ್ಟ್ ಮೆಥಡ್ ಬಳಸಿ ಸೇರಿಸಿದೆವು, ಎಪಿಐಯ ಆವೃತ್ತಿ 1.0ರಿಂದ 1.1 ಆಯಿತು, ಕೋಕೋ ಮಾತ್ರ 1.1 ಬೇಕೆಂದು ಸಾರಿತು. ಸಂಜೆ ಕೋಕೋ ತೆಗೆದು ಓಡಿಸಿದೆವು, ರಬ್ಬರ್ ತೆಗೆದು ಓಡಿಸಿದೆವು. ಬದಿಯಡ್ಕದ ಅಂಗಡಿಗೆ ಮರುದಿನ ರಬ್ಬರಿಲ್ಲದ ಆವೃತ್ತಿ ಹಾಕಿ, ಪಟೋರದ ಬಿಲ್ಲೊಂದನ್ನು ಅವರ ಎದುರೇ ಮಾಡಿ ತೋರಿಸಿ ಬಂದೆವು.